ಸೂಪರ್‌ಚಾರ್ಜರ್ ಟ್ರಕ್ಕಿಗೆ ಕಡಿಮೆ ಆಕ್ಟೇನ್ ಪೆಟ್ರೋಲ್: ಟೈಮಿಂಗ್ ಮುಟ್ಟುವ ಮೊದಲು ಪುಲ್ಲಿ ನೋಡಿ

ಪ್ರಶ್ನೆ: ನನ್ನದು 6 ಲೀಟರ್ ವಿ8 ಪೆಟ್ರೋಲ್ ಎಂಜಿನ್ನಿನ ಪಿಕಪ್ ಟ್ರಕ್. ಕಂಪ್ರೆಷನ್ ಅನುಪಾತ (ಪಿಸ್ಟನ್ ಮಿಶ್ರಣವನ್ನು ಹಿಂಡುವ ಪ್ರಮಾಣ) 9.5. ಹಿಂದಿನ ಮಾಲೀಕರು ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ರೂಟ್ಸ್ ಮಾದರಿಯ ಸೂಪರ್‌ಚಾರ್ಜರ್ ಹಾಕಿಸಿ, 8 ಪಿಎಸ್‌ಐ ಬೂಸ್ಟ್ (ವಾತಾವರಣಕ್ಕಿಂತ ಹೆಚ್ಚಿನ ಒತ್ತಡ) ಇಟ್ಟು, 98 ಆಕ್ಟೇನ್ ಪೆಟ್ರೋಲಿಗೆ ಟ್ಯೂನ್ ಮಾಡಿಸಿದ್ದರು. ಈಗ ನಾನು ಓಡಾಡುವ ಕಡೆ 91 ಮಾತ್ರ ಸಿಗುತ್ತದೆ. ಟ್ರೇಲರ್ ಎಳೆದುಕೊಂಡು ಏರು ಹತ್ತುವಾಗ, 2000 ಆರ್‌ಪಿಎಂ ಆಸುಪಾಸಿನಲ್ಲಿ, ತಗಡಿನ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದಂತೆ ಸದ್ದು ಬರುತ್ತದೆ. ಸ್ಕ್ಯಾನರ್ 5ರಿಂದ 7 ಡಿಗ್ರಿ ನಾಕ್ ರಿಟಾರ್ಡ್ (ಆ ಸದ್ದು ತಡೆಯಲು ಎಂಜಿನ್ ತಾನೇ ಕಿಡಿಯನ್ನು ತಡಮಾಡುವುದು) ತೋರಿಸುತ್ತದೆ. ಟ್ಯೂನರ್ ಒಬ್ಬರು ಇಡೀ ಟೈಮಿಂಗ್ ಟೇಬಲ್ಲಿನಿಂದ (ಯಾವ ವೇಗ, ಯಾವ ಭಾರದಲ್ಲಿ ಪಿಸ್ಟನ್ ಮೇಲ್ತುದಿಗೆ ಎಷ್ಟು ಡಿಗ್ರಿ ಮೊದಲು ಕಿಡಿ ಹಾರಬೇಕೆಂಬ ಪಟ್ಟಿ) 4 ಡಿಗ್ರಿ ಕಳೆದುಕೊಟ್ಟರು. ಈಗ ಗಾಡಿ ಎಳೆಯುವುದಿಲ್ಲ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೆಂಪಗೆ ಕಾಯುತ್ತದೆ. ಏರಿನಲ್ಲಿ ಸದ್ದು ಮಾತ್ರ ಪೂರ್ತಿ ಹೋಗಿಲ್ಲ. ಇನ್ನೂ ಎರಡು ಮೂರು ಡಿಗ್ರಿ ಕಳೆಯಬೇಕೆ?

ಉತ್ತರ: ಕಳೆಯಬೇಡಿ. ಈಗ ಕಳೆದಿರುವ ನಾಲ್ಕರಲ್ಲೇ ಒಂದಷ್ಟನ್ನು ಟೇಬಲ್ಲಿನ ಬಹುಪಾಲು ಜಾಗಕ್ಕೆ ವಾಪಸು ತುಂಬಬೇಕಾಗುತ್ತದೆ. ಆದರೆ ಅದಕ್ಕೆ ಮೊದಲು ಸೂಪರ್‌ಚಾರ್ಜರಿನ ಪುಲ್ಲಿ, ಎಂದರೆ ಬೆಲ್ಟಿನಿಂದ ಅದನ್ನು ತಿರುಗಿಸುವ ಚಕ್ರ, ಬದಲಾಗಬೇಕು. ನಿಮ್ಮ ಟ್ರಕ್ಕು 98ರ ಬೂಸ್ಟನ್ನೇ ಇಟ್ಟುಕೊಂಡು 91ರಲ್ಲಿ ಬದುಕಲು ಹೆಣಗುತ್ತಿದೆ. ಆ ಹೆಣಗಾಟದ ಭಾರವನ್ನೆಲ್ಲ ಟೈಮಿಂಗ್ ಒಂದರ ಮೇಲೆ ಹೊರಿಸಿದ್ದರಿಂದಲೇ ಮ್ಯಾನಿಫೋಲ್ಡ್ ಕೆಂಪಾಗಿದೆ.

ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಿದ ಮೇಲೆ ಜ್ವಾಲೆ ಒಂದು ಬದಿಯಿಂದ ಹರಡುತ್ತಾ ಹೋಗುತ್ತದೆ. ಅದರ ಮುಂದೆ, ಸಿಲಿಂಡರಿನ ಅಂಚಿನಲ್ಲಿ, ಇನ್ನೂ ಉರಿಯದ ಮಿಶ್ರಣ ಕಾದಿರುತ್ತದೆ. ಉರಿದ ಅನಿಲ ಹಿಗ್ಗಿ ಅದನ್ನು ಒತ್ತುತ್ತದೆ, ಒತ್ತಿದಷ್ಟೂ ಅದು ಕಾಯುತ್ತದೆ. ಜ್ವಾಲೆ ಬಂದು ಮುಟ್ಟುವ ಮೊದಲೇ ಆ ಅಂಚಿನ ಮಿಶ್ರಣ ತಾನಾಗಿ ಒಮ್ಮೆಲೇ ಹೊತ್ತಿಕೊಂಡರೆ ಅದೇ ನಾಕಿಂಗ್. ಒತ್ತಡದ ಅಲೆ ಗೋಡೆಯಿಂದ ಗೋಡೆಗೆ ಬಡಿಯುತ್ತದೆ. ನಿಮ್ಮ ಗಾತ್ರದ ಸಿಲಿಂಡರಿನಲ್ಲಿ ಸೆಕೆಂಡಿಗೆ ಸುಮಾರು ಆರು ಸಾವಿರ ಸಲ. ನಿಮಗೆ ಕೇಳಿದ ಗೋಲಿಯ ಸದ್ದು ಅದು.

ಇದು ಜ್ವಾಲೆಗೂ ಅಂಚಿನ ಮಿಶ್ರಣಕ್ಕೂ ನಡೆಯುವ ಓಟದ ಸ್ಪರ್ಧೆ ಎಂದುಕೊಂಡರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. 1000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಮಿಲಿಸೆಕೆಂಡಿಗೆ 6 ಡಿಗ್ರಿ ತಿರುಗುತ್ತದೆ. 2000ದಲ್ಲಿ 12, 5000ದಲ್ಲಿ 30. ವೇಗ ಕಡಿಮೆಯಾದಷ್ಟೂ ಬಿಸಿ ಮಿಶ್ರಣಕ್ಕೆ ಹೊತ್ತಿಕೊಳ್ಳಲು ಹೆಚ್ಚು ಸಮಯ ಸಿಗುತ್ತದೆ. ರೂಟ್ಸ್ ಮಾದರಿಯ ಸೂಪರ್‌ಚಾರ್ಜರ್ ಪ್ರತಿ ಸುತ್ತಿಗೂ ಇಷ್ಟು ಎಂದು ಗಾಳಿ ತಳ್ಳುವಂಥದ್ದು. 2000 ಆರ್‌ಪಿಎಂನಲ್ಲೇ ಹೆಚ್ಚುಕಡಿಮೆ ಪೂರ್ತಿ ಬೂಸ್ಟ್ ತಂದು ನಿಲ್ಲಿಸುತ್ತದೆ. ಬೂಸ್ಟ್ ಪೂರ್ತಿ, ಬೆನ್ನಿಗೆ ಟ್ರೇಲರ್, ಮೇಲಾಗಿ ನಿಧಾನ ವೇಗ. ನಾಕಿಂಗ್‌ಗೆ ಇದಕ್ಕಿಂತ ಹದವಾದ ಜಾಗ ಮತ್ತೊಂದಿಲ್ಲ. ಸೆಂಟ್ರಿಫ್ಯೂಗಲ್ ಮಾದರಿಯಾಗಿದ್ದರೆ ಬೂಸ್ಟ್ ಮೇಲಿನ ವೇಗಕ್ಕೆ ಹೋಗಿ ಕೂರುತ್ತಿತ್ತು, ನಿಮ್ಮ ತೊಂದರೆಯೂ ಅಲ್ಲಿಗೆ ಹೋಗುತ್ತಿತ್ತು.

ಟ್ಯೂನರ್ ಎಡವಿದ್ದು ಇಲ್ಲಿಯೇ. ರೋಗ ಇರುವುದು ಟೇಬಲ್ಲಿನ ಒಂದು ಮೂಲೆಯಲ್ಲಿ, ಎಂದರೆ 1600ರಿಂದ 2800 ಆರ್‌ಪಿಎಂ ನಡುವೆ, ಭಾರ ಹೆಚ್ಚಿರುವ ಸಾಲುಗಳಲ್ಲಿ. ಅವರು ಔಷಧ ಕೊಟ್ಟಿದ್ದು ಇಡೀ ಟೇಬಲ್ಲಿಗೆ. ಖಾಲಿ ಗಾಡಿ ಸಮತಟ್ಟು ರಸ್ತೆಯಲ್ಲಿ ಆರಾಮವಾಗಿ ಹೋಗುವ ಸಾಲುಗಳಲ್ಲಿ ನಾಕಿಂಗ್ ಇರಲೇ ಇಲ್ಲ. ಅಲ್ಲಿಂದಲೂ 4 ಡಿಗ್ರಿ ಕಿತ್ತಿದ್ದಕ್ಕೆ ಪೆಟ್ರೋಲ್ ಕುಡಿಯುತ್ತಿದೆ. ಸದ್ದು ಬರುವ ಮೂಲೆಗೆ ಮಾತ್ರ ನಾಲ್ಕು ಸಾಲಲಿಲ್ಲ.

ರಿಟಾರ್ಡ್ ಮಾಡಿದರೆ ಬಿಸಿ ಏಕೆ ಹೆಚ್ಚುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ‘ಟೈಮಿಂಗ್ ಕಡಿಮೆ ಮಾಡಿದರೆ ಎಂಜಿನ್ ತಂಪು’ ಎಂದು ನಂಬಿದವರು ಬಹಳ. ಸಿಲಿಂಡರಿನ ಒತ್ತಡ ಅತಿ ಹೆಚ್ಚಾಗಬೇಕಾದದ್ದು ಪಿಸ್ಟನ್ ಮೇಲ್ತುದಿ ದಾಟಿ ಸುಮಾರು 15 ಡಿಗ್ರಿ ಇಳಿದಾಗ. ಆಗ ಕ್ರ್ಯಾಂಕಿಗೆ ಸಿಗುವ ತಿರುಗುಬಲ ಅತಿ ಹೆಚ್ಚು. ಕಿಡಿಯನ್ನು ತಡಮಾಡುತ್ತಾ ಹೋದರೆ ಆ ತುದಿ ಹಿಂದೆ ಬೀಳುತ್ತದೆ. ಮೊದಲ ಎರಡು ಮೂರು ಡಿಗ್ರಿಗೆ ಏನೂ ತಿಳಿಯುವುದಿಲ್ಲ, ಆ ವಕ್ರರೇಖೆಯ ನೆತ್ತಿ ಚಪ್ಪಟೆ. ನೆತ್ತಿಯಿಂದ ದೂರ ಸರಿದಂತೆ ಒಂದೊಂದು ಡಿಗ್ರಿಯೂ ಹಿಂದಿನದಕ್ಕಿಂತ ದುಬಾರಿ. ಬೂಸ್ಟ್ ಇರುವ ಎಂಜಿನ್ ನಾಕಿಂಗ್ ಭಯಕ್ಕೆ ಮೊದಲೇ ನೆತ್ತಿಯಿಂದ ಸಾಕಷ್ಟು ಕೆಳಗೆ ನಿಂತಿರುತ್ತದೆ. ಅಲ್ಲಿಂದ ಇನ್ನೂ ಕೆಳಗೆ ತಳ್ಳಿದರೆ ಮಿಶ್ರಣ ಎಕ್ಸಾಸ್ಟ್ ವಾಲ್ವ್ ತೆರೆಯುವ ಹೊತ್ತಿಗೂ ಉರಿಯುತ್ತಿರುತ್ತದೆ. ಪಿಸ್ಟನ್ನಿಗೆ ಸಿಗದ ಆ ಶಕ್ತಿ ವಾಲ್ವಿಗೆ, ಮ್ಯಾನಿಫೋಲ್ಡಿಗೆ, ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಸಿಗುತ್ತದೆ.

ಈ ಮಾತಿಗೆ ಒಂದು ಉಪಮಾತು. ಕನ್ವರ್ಟರ್ ಹೀಗೆ ಬೆಂದು ಒಳಗೆ ಕರಗಿ ಕಟ್ಟಿಕೊಂಡರೆ ಹಿಂಒತ್ತಡ ಏರುತ್ತದೆ, ಬಿಸಿ ಹೊಗೆ ಸಿಲಿಂಡರಿನಲ್ಲೇ ಉಳಿದು ಮುಂದಿನ ಮಿಶ್ರಣವನ್ನು ಕಾಯಿಸುತ್ತದೆ, ಆಗ ನಾಕಿಂಗ್ ಇನ್ನೂ ಹೆಚ್ಚುತ್ತದೆ. ನಾಕಿಂಗ್ ತಪ್ಪಿಸಲು ಮಾಡಿದ ರಿಟಾರ್ಡೇ ನಾಕಿಂಗ್ ತರುವ ಚಕ್ರ ಇದು. ನಿಮ್ಮ ಮ್ಯಾನಿಫೋಲ್ಡ್ ಕೆಂಪಾಗುವಷ್ಟು ಓಡಿದೆ ಎಂದ ಮೇಲೆ, ಕನ್ವರ್ಟರಿಗಿಂತ ಮೊದಲು ಇರುವ ಆಕ್ಸಿಜನ್ ಸೆನ್ಸರ್ ಬಿಚ್ಚಿ ಅದರ ತೂತಿಗೆ ಒತ್ತಡದ ಮೀಟರ್ ಹಾಕಿ ಒಮ್ಮೆ ನೋಡಿಸಿ. ಹತ್ತು ನಿಮಿಷದ ಕೆಲಸ.

ಇನ್ನು ಪಂಪಿನ ಮೇಲಿನ ಸಂಖ್ಯೆ. ಆಕ್ಟೇನ್ ಎಂದರೆ ಪೆಟ್ರೋಲಿನ ಶಕ್ತಿಯಲ್ಲ, ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಗುಣ. ಐಸೋಆಕ್ಟೇನ್ ಎಂಬ ರಾಸಾಯನಿಕಕ್ಕೆ 100, ನಾರ್ಮಲ್ ಹೆಪ್ಟೇನಿಗೆ ಸೊನ್ನೆ ಎಂದು ಇಟ್ಟುಕೊಂಡು, ಪೆಟ್ರೋಲ್ ಇವೆರಡರ ಯಾವ ಮಿಶ್ರಣದಂತೆ ವರ್ತಿಸುತ್ತದೆ ಎಂದು ಪರೀಕ್ಷಾ ಎಂಜಿನ್ನಿನಲ್ಲಿ ಅಳೆಯುತ್ತಾರೆ. ಅಳೆಯುವ ಬಗೆ ಎರಡು. ಆರ್‌ಒಎನ್ (ರಿಸರ್ಚ್ ಆಕ್ಟೇನ್ ನಂಬರ್) ಪರೀಕ್ಷೆ 600 ಆರ್‌ಪಿಎಂನಲ್ಲಿ, ಸುಮಾರು 52 ಡಿಗ್ರಿ ಸೆಲ್ಸಿಯಸ್ ಗಾಳಿಯೊಂದಿಗೆ ನಡೆಯುತ್ತದೆ. ಎಂಒಎನ್ (ಮೋಟಾರ್ ಆಕ್ಟೇನ್ ನಂಬರ್) ಪರೀಕ್ಷೆ 900 ಆರ್‌ಪಿಎಂನಲ್ಲಿ, ಮಿಶ್ರಣವನ್ನು 149 ಡಿಗ್ರಿಗೆ ಕಾಯಿಸಿ ನಡೆಯುತ್ತದೆ. ಅದರಲ್ಲಿ ಅದೇ ಪೆಟ್ರೋಲಿಗೆ ಎಂಟು ಹತ್ತು ಅಂಕ ಕಡಿಮೆ ಬರುವುದು ಸಾಮಾನ್ಯ. ಕೆಲವು ದೇಶಗಳ ಪಂಪಿನಲ್ಲಿ ಆರ್‌ಒಎನ್ ಬರೆದಿರುತ್ತದೆ, ಅಮೆರಿಕದಲ್ಲಿ ಎರಡರ ಸರಾಸರಿ. ಆದ್ದರಿಂದ ಅಲ್ಲಿಯ 91 ಎಂದರೆ ಆರ್‌ಒಎನ್ ಲೆಕ್ಕದಲ್ಲಿ ಸುಮಾರು 95–96. ನಿಮ್ಮ 98 ಮತ್ತು 91 ಎರಡೂ ಆರ್‌ಒಎನ್ ಎಂದೇ ಹಿಡಿದು ಬರೆಯುತ್ತಿದ್ದೇನೆ. 98 ಆರ್‌ಒಎನ್ ಆಗಿದ್ದು, 91 ಅಮೆರಿಕದ ಸರಾಸರಿ ಲೆಕ್ಕದ್ದು ಆಗಿದ್ದರೆ ನಿಜವಾದ ಅಂತರ ಏಳು ಅಂಕವಲ್ಲ, ಎರಡು ಮೂರು. ಟ್ಯೂನ್ ಕಡತದಲ್ಲಿ ಯಾವ ಲೆಕ್ಕ ಬರೆದಿದೆ ಎಂದು ಮೊದಲು ನೋಡಿ. ಈ ಗೊಂದಲದಲ್ಲಿ ಬೇಡದ ಕಡೆ ಹಣ ಸುರಿದವರನ್ನು ಕಂಡಿದ್ದೇನೆ.

ಎಂಒಎನ್ ಬಗ್ಗೆ ಹೇಳಿದ್ದಕ್ಕೆ ಕಾರಣವಿದೆ. ಸಾಮಾನ್ಯ ಎಂಜಿನ್ನಿಗೆ ಆರ್‌ಒಎನ್ ಹತ್ತಿರದ ಅಳತೆ. ಆದರೆ ಇಂಟರ್‌ಕೂಲರ್ (ಒತ್ತಿ ಬಿಸಿಯಾದ ಗಾಳಿಯನ್ನು ತಣಿಸುವ ಸಾಧನ) ಬೆವರುತ್ತಿರುವ ಸೂಪರ್‌ಚಾರ್ಜರ್ ಎಂಜಿನ್ ಒಳಗೆಳೆಯುವ ಗಾಳಿ ಬಿಸಿಯಾದಷ್ಟೂ ಪರಿಸ್ಥಿತಿ ಎಂಒಎನ್ ಪರೀಕ್ಷೆಯ ಕಡೆಗೆ ವಾಲುತ್ತದೆ, ಪೆಟ್ರೋಲ್ ತನ್ನ ಕಡಿಮೆ ಸಂಖ್ಯೆಯನ್ನು ತೋರಿಸತೊಡಗುತ್ತದೆ. ಬೆಳಿಗ್ಗೆ ಸುಮ್ಮನಿದ್ದ ಟ್ರಕ್ಕು ಮಧ್ಯಾಹ್ನದ ಏರಿನಲ್ಲಿ ಕೂಗುವುದು ಇದಕ್ಕೇ.

ಗಾಳಿ ಎಷ್ಟು ಬಿಸಿಯಾಗುತ್ತದೆ? ಲೆಕ್ಕ ಹಾಕಿದರೆ ಹೆದರಿಕೆಯಾಗುತ್ತದೆ. 30 ಡಿಗ್ರಿ ಸೆಲ್ಸಿಯಸ್ ಗಾಳಿಯನ್ನು 8 ಪಿಎಸ್‌ಐಗೆ ಒತ್ತಿದರೆ, ಎಲ್ಲವೂ ಆದರ್ಶವಾಗಿ ನಡೆದರೂ ಅದು 40 ಡಿಗ್ರಿ ಏರುತ್ತದೆ. ಸೂಪರ್‌ಚಾರ್ಜರಿನ ದಕ್ಷತೆ ಶೇ 60 ಎಂದುಕೊಂಡರೆ ಏರಿಕೆ 67 ಡಿಗ್ರಿ. ಎಂದರೆ ಇಂಟರ್‌ಕೂಲರ್ ಮುಟ್ಟುವ ಮೊದಲು ಗಾಳಿ 97 ಡಿಗ್ರಿ, ಕುದಿಯುವ ನೀರಿನ ಹತ್ತಿರ. ಇದೇ ಗಾಳಿಯನ್ನು 5.8 ಪಿಎಸ್‌ಐಗೆ ಮಾತ್ರ ಒತ್ತಿದರೆ ಸುಮಾರು 80 ಡಿಗ್ರಿ. ಈ 5.8 ಎಂಬ ಸಂಖ್ಯೆಯನ್ನು ನೆನಪಿಡಿ.

ಪುಲ್ಲಿಗೆ ಬರುವ ಮೊದಲು ಮೂರು ಅನುಮಾನಗಳನ್ನು ಬಗೆಹರಿಸಿಕೊಳ್ಳಬೇಕು. ಇಲ್ಲದಿದ್ದರೆ ಪುಲ್ಲಿಯೂ ದಂಡವಾದೀತು.

ಸ್ಕ್ಯಾನರ್ ತೋರಿಸುವ ರಿಟಾರ್ಡ್ ನಿಜವಾದ ನಾಕಿಂಗ್‌ನದೇ? ನಾಕ್ ಸೆನ್ಸರ್ ಎಂದರೆ ಎಂಜಿನ್ ಬ್ಲಾಕಿಗೆ ಕಿವಿಯಿಟ್ಟು ಕೂತ ಒಂದು ಹರಳು. ತನಗೆ ಹೇಳಿಕೊಟ್ಟ ಶ್ರುತಿಯ ಆಸುಪಾಸಿನಲ್ಲಿ ಏನು ಬಡಿದರೂ ಅದಕ್ಕೆ ನಾಕಿಂಗೇ. ಸವೆದ ಸೂಪರ್‌ಚಾರ್ಜರ್ ಕಪ್ಲರ್, ಸಡಿಲ ಪಿಸ್ಟನ್, ಚಾಸಿಗೆ ತಾಗುವ ಎಕ್ಸಾಸ್ಟ್ ಕೊಳವೆ, ಎಲ್ಲವೂ ಅದನ್ನು ಮೋಸಗೊಳಿಸಬಲ್ಲವು. ಒಮ್ಮೆ ಒಂದು ಟ್ರಕ್ಕಿನ ಟೇಬಲ್ಲನ್ನು ಎರಡು ದಿನ ತಿದ್ದಿದ್ದೇನೆ. ಟೈಮಿಂಗ್ ಎಷ್ಟು ಇಳಿಸಿದರೂ ರಿಟಾರ್ಡ್ ಅಷ್ಟೇ. ಮೂರನೆಯ ದಿನ ಗಾಡಿ ಎತ್ತಿ ನೋಡಿದರೆ ಎಕ್ಸಾಸ್ಟ್ ಕೊಳವೆ ಅಡ್ಡಪಟ್ಟಿಗೆ ಉಜ್ಜಿ ಹೊಳೆಯುತ್ತಿತ್ತು. ಆ ಎರಡು ದಿನಗಳ ಕೂಲಿಯನ್ನು ನಾನು ಕೇಳಲಿಲ್ಲ. ಅಂದಿನಿಂದ ನನ್ನ ಪರೀಕ್ಷೆ ಇದು: ಸದ್ದು ಬರುವ ಜಾಗದಲ್ಲಿ ಮಾತ್ರ 5 ಡಿಗ್ರಿ ಒಮ್ಮೆಲೇ ಕಳೆದು, ಅದೇ ಏರಿನಲ್ಲಿ ಅದೇ ಭಾರದಲ್ಲಿ ಮತ್ತೆ ಓಡಿಸುವುದು. ನಿಜವಾದ ನಾಕಿಂಗ್ ಆಗಿದ್ದರೆ ರಿಟಾರ್ಡ್ ಮಾಯವಾಗುತ್ತದೆ ಇಲ್ಲವೇ ಬಹಳ ಇಳಿಯುತ್ತದೆ. ಸ್ವಲ್ಪವೂ ಕದಲದಿದ್ದರೆ ಸ್ಪ್ಯಾನರ್ ಹಿಡಿದು ಗಾಡಿಯ ಕೆಳಗೆ ಹೋಗಬೇಕು. ಹಾಗೆಂದು ಸೆನ್ಸರಿನ ಕಿವಿಗೆ ಹತ್ತಿ ಇಡುವ, ಎಂದರೆ ಅದರ ಸೂಕ್ಷ್ಮತೆಯನ್ನು ಟ್ಯೂನಿನಲ್ಲಿ ಇಳಿಸಿಬಿಡುವ ಕೆಲಸವನ್ನು, ಕಾರಣ ಕಣ್ಣಿಗೆ ಕಾಣುವ ತನಕ ಮಾಡಬೇಡಿ. ನಿಮ್ಮ ವಿಷಯದಲ್ಲಿ 4 ಡಿಗ್ರಿ ಕಳೆದ ಮೇಲೆ ಸದ್ದು ಕಡಿಮೆಯಾಗಿದೆ, ಕಿವಿಗೂ ಕೇಳುತ್ತಿದೆ. ಇದು ನಿಜವಾದದ್ದೇ ಎಂದು ನನ್ನ ಅಂದಾಜು.

ಬೂಸ್ಟ್ ಬಂದಾಗ ಪೆಟ್ರೋಲ್ ಸಾಕಷ್ಟು ಬೀಳುತ್ತಿದೆಯೇ? ಸಾಮಾನ್ಯ ಓಟದಲ್ಲಿ ಒಂದು ಭಾಗ ಪೆಟ್ರೋಲಿಗೆ 14.7 ಭಾಗ ಗಾಳಿ. ಬೂಸ್ಟಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ 11.5ರಿಂದ 12 ಇರಬೇಕು, ಲ್ಯಾಂಬ್ಡಾ ಲೆಕ್ಕದಲ್ಲಿ (ಈ ಸಂಖ್ಯೆಯನ್ನು 14.7ರಿಂದ ಭಾಗಿಸಿದರೆ ಬರುವುದು) 0.78ರಿಂದ 0.82. ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿದ್ದರೆ 14.7 ಎಂಬ ಸಂಖ್ಯೆಯೇ ಕೆಳಗೆ ಸರಿಯುತ್ತದೆ, ಆದ್ದರಿಂದ ಲ್ಯಾಂಬ್ಡಾ ನೋಡುವುದೇ ವಾಸಿ. ಹೆಚ್ಚಿನ ಪೆಟ್ರೋಲ್ ಆವಿಯಾಗುತ್ತಾ ಮಿಶ್ರಣವನ್ನು ತಂಪಾಗಿಸುತ್ತದೆ. ಇದನ್ನು ಕಾರ್ಖಾನೆಯ ಸಾಮಾನ್ಯ ಆಕ್ಸಿಜನ್ ಸೆನ್ಸರ್ ಹೇಳಲಾರದು, ಮಿಶ್ರಣದ ನಿಖರ ಪ್ರಮಾಣ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಬೇಕು. ಅದಿಲ್ಲದೆ ಟ್ಯೂನ್ ಮಾಡುವವರ ಕೈಗೆ ಗಾಡಿ ಕೊಡಬೇಡಿ.

ಇದರಲ್ಲಿ ಟ್ರಕ್ಕುಗಳಿಗೇ ವಿಶೇಷವಾದ ಒಂದು ಹೊಂಚು ಇದೆ. ಕಾರ್ಖಾನೆಯ ಪ್ರೋಗ್ರಾಂ ಪೆಟ್ರೋಲ್ ಉಳಿಸಲೆಂದು, ಆಕ್ಸಿಲರೇಟರ್ ಇಷ್ಟು ಒತ್ತಿ ಇಷ್ಟು ಹೊತ್ತಾದ ಮೇಲೆ ಮಾತ್ರ ಮಿಶ್ರಣವನ್ನು ಗಟ್ಟಿ ಮಾಡುವುದುಂಟು, ಎಂದರೆ ಹೆಚ್ಚು ಪೆಟ್ರೋಲ್ ಬೆರೆಸುವುದುಂಟು. ಬೂಸ್ಟ್ ಇಲ್ಲದ ಎಂಜಿನ್ನಿಗೆ ಅದು ನಡೆಯುತ್ತದೆ. ನೀವು ಅರ್ಧ ಆಕ್ಸಿಲರೇಟರಿನಲ್ಲಿ ಟ್ರೇಲರ್ ಎಳೆಯುವಾಗ 4 ಪಿಎಸ್‌ಐ ಬೂಸ್ಟ್ ಇದ್ದೂ ಮಿಶ್ರಣ ಇನ್ನೂ 14.7ರಲ್ಲೇ ಇರಬಹುದು. ನಿಮ್ಮ ಗೋಲಿ ಸದ್ದಿಗೆ ಇದೊಂದೇ ಅರ್ಧ ಕಾರಣವಾಗಿದ್ದರೂ ನನಗೆ ಆಶ್ಚರ್ಯವಿಲ್ಲ. ಮ್ಯಾನಿಫೋಲ್ಡ್ ಒತ್ತಡ ಹೊರಗಿನ ವಾತಾವರಣದ ಮಟ್ಟ ಮುಟ್ಟುವ ಮೊದಲೇ ಮಿಶ್ರಣ ಗಟ್ಟಿಯಾಗಲು ಶುರುವಾಗುವಂತೆ, ಕಾಯುವ ಅವಧಿ ಸೊನ್ನೆಯಾಗುವಂತೆ ತಿದ್ದಿಸಿ. ಜೊತೆಗೆ ಮ್ಯಾನಿಫೋಲ್ಡ್ ಒತ್ತಡದ ಸೆನ್ಸರ್ ಹಳೆಯದೇ ಉಳಿದಿದೆಯೇ ನೋಡಿ. ಬೂಸ್ಟ್ ಇಲ್ಲದ ಎಂಜಿನ್ನಿನ ಸೆನ್ಸರ್ ವಾತಾವರಣದ ಒತ್ತಡದ ಹತ್ತಿರವೇ ಕುರುಡಾಗುತ್ತದೆ. 2 ಬಾರ್ ಅಥವಾ ಅದಕ್ಕಿಂತ ಹೆಚ್ಚು ಓದಬಲ್ಲದ್ದು ಬೇಕು. ಇಂಜೆಕ್ಟರುಗಳು ತೆರೆದಿರುವ ಕಾಲ ಶೇ 85 ದಾಟಬಾರದು, ಬೂಸ್ಟ್ ಏರಿದಾಗ ಪೆಟ್ರೋಲ್ ಪಂಪಿನ ಒತ್ತಡ ಕುಸಿಯಬಾರದು.

ಮೂರನೆಯದು ಇಂಟರ್‌ಕೂಲರ್. ಸೂಪರ್‌ಚಾರ್ಜರ್ ಎಂಜಿನ್ನಿನ ತಲೆಯ ಮೇಲೇ ಕೂತಿದ್ದರೆ ನಿಮ್ಮದು ಬಹುಶಃ ನೀರಿನಿಂದ ತಂಪಾಗುವ ಇಂಟರ್‌ಕೂಲರ್. ಅದಕ್ಕೊಂದು ಪುಟ್ಟ ವಿದ್ಯುತ್ ಪಂಪ್ ಇರುತ್ತದೆ. ಸತ್ತರೆ ಯಾವ ದೀಪವೂ ಹೊತ್ತದಿರಬಹುದು. ಎಂಜಿನ್ ಆರಿಸಿ, ಇಗ್ನಿಷನ್ ಮಾತ್ರ ಹಾಕಿ, ನೀರಿನ ತೊಟ್ಟಿಯ ಮುಚ್ಚಳ ತೆಗೆದು ನೀರು ಸುತ್ತುತ್ತಿದೆಯೇ ನೋಡಿ. ಕೆಲವು ಗಾಡಿಗಳಲ್ಲಿ ಎಂಜಿನ್ ಓಡಿದರೆ ಮಾತ್ರ ಪಂಪ್ ಓಡುತ್ತದೆ, ಅದನ್ನು ಗಮನದಲ್ಲಿಡಿ. ಏರಿನಲ್ಲಿ ಒಳಗೆ ಹೋಗುವ ಗಾಳಿಯ ತಾಪಮಾನ ಹೊರಗಿನದಕ್ಕಿಂತ ಎಷ್ಟು ಮೇಲಿದೆ ಎಂದು ದಾಖಲಿಸಿ. 20–25 ಡಿಗ್ರಿ ಮೇಲಿದ್ದು ಅಲ್ಲೇ ನಿಂತರೆ ಸಂತೋಷ. 40 ದಾಟಿಯೂ ಏರುತ್ತಲೇ ಇದ್ದರೆ ಪಂಪು, ಗಾಳಿ ಸಿಕ್ಕಿಕೊಂಡ ಕೊಳವೆ ಅಥವಾ ಕೆಸರು ಕಟ್ಟಿದ ಮುಂದಿನ ರೇಡಿಯೇಟರನ್ನು ಅನುಮಾನಿಸಿ.

ಈ ಮೂರೂ ಸರಿ ಇದ್ದ ಮೇಲೆ ಪುಲ್ಲಿ. 1940ರಲ್ಲಿ ಬ್ರಿಟನ್ನಿನ ಯುದ್ಧವಿಮಾನಗಳಿಗೆ 87ರ ಬದಲು 100 ಆಕ್ಟೇನ್ ಪೆಟ್ರೋಲ್ ಬಂದಾಗ ರೋಲ್ಸ್ ರಾಯ್ಸ್‌ನವರ ಮರ್ಲಿನ್ ಎಂಜಿನ್ನಿನ ಬೂಸ್ಟ್ ಮಿತಿಯನ್ನು ಸುಮಾರು 6 ಪಿಎಸ್‌ಐನಿಂದ 12ಕ್ಕೆ ಏರಿಸಿದರು. ಸೂಪರ್‌ಚಾರ್ಜರ್ ಎಂಜಿನ್ನಿನಲ್ಲಿ ಇಂಧನಕ್ಕೆ ತಕ್ಕಂತೆ ಮೊದಲು ಕದಲಬೇಕಾದದ್ದು ಬೂಸ್ಟ್. ಏರುವಾಗ ಒಪ್ಪುವ ಈ ಮಾತನ್ನು ಇಳಿಯುವಾಗ ಯಾರೂ ಒಪ್ಪುವುದಿಲ್ಲ. 8 ಪಿಎಸ್‌ಐ ಎಂದು ಹೇಳಿಕೊಳ್ಳುವ ಸುಖ ಅಂಥದ್ದು. ಫೋರ್ಡ್ 1999ರಿಂದ 2004ರವರೆಗೆ ಮಾಡಿದ ಎಫ್-150 ಲೈಟ್ನಿಂಗ್ ಪಿಕಪ್ಪನ್ನೇ ನೋಡಿ. 5.4 ಲೀಟರ್ ವಿ8, ಈಟನ್ ಸೂಪರ್‌ಚಾರ್ಜರ್, 8 ಪಿಎಸ್‌ಐ. ಅದಕ್ಕೆಂದು ಕಂಪ್ರೆಷನ್ ಅನುಪಾತವನ್ನು 8.4ಕ್ಕೆ ಇಳಿಸಿದ್ದರು, ಆಗಲೂ ಪ್ರೀಮಿಯಂ ಪೆಟ್ರೋಲನ್ನೇ ಕೇಳಿದ್ದರು. ನಿಮ್ಮದು 9.5 ಅನುಪಾತದ ಮೇಲೆ ಅದೇ 8 ಪಿಎಸ್‌ಐ, 91 ಪೆಟ್ರೋಲು, ಸಾಲದ್ದಕ್ಕೆ ಟ್ರೇಲರು.

ಉದಾಹರಣೆಗೆ ಸೂಪರ್‌ಚಾರ್ಜರಿನ ಪುಲ್ಲಿ ಈಗ 76 ಮಿಲಿಮೀಟರ್ ಎಂದುಕೊಳ್ಳೋಣ. 84ರ ಪುಲ್ಲಿ ಹಾಕಿದರೆ ಅದರ ವೇಗ ಶೇ 9.5ರಷ್ಟು ಇಳಿಯುತ್ತದೆ. ವಾತಾವರಣದ 14.7 ಸೇರಿಸಿ ಮ್ಯಾನಿಫೋಲ್ಡಿನ ಒಟ್ಟು ಒತ್ತಡ ಈಗ 22.7, ಅದು ಸರಿಸುಮಾರು ಅದೇ ಪ್ರಮಾಣದಲ್ಲಿ ಇಳಿದು 20.5 ಆಗುತ್ತದೆ. ಎಂದರೆ ಬೂಸ್ಟ್ 5.8. ಆಗಲೇ ನೆನಪಿಡಿ ಎಂದ ಸಂಖ್ಯೆ. ಗಾಳಿ ಶೇ 9ರಷ್ಟು ಕಡಿಮೆಯಾಯಿತು, ಆದರೆ ಬದಲಿಗೆ ಗಾಳಿ ತಂಪಾಯಿತು, ಸೂಪರ್‌ಚಾರ್ಜರ್ ತಿರುಗಿಸಲು ಎಂಜಿನ್ ಕೊಡುವ ತೆರಿಗೆ ಇಳಿಯಿತು, ಟೈಮಿಂಗ್ ಮುಂದಕ್ಕೆ ತರಲು ಜಾಗ ಸಿಕ್ಕಿತು. ಈಗಿರುವ ರಿಟಾರ್ಡ್ ಸ್ಥಿತಿಗೆ ಹೋಲಿಸಿದರೆ ಏರಿನಲ್ಲಿ ಗಾಡಿ ಹೆಚ್ಚೇ ಎಳೆಯುತ್ತದೆ ಎಂಬುದು ನನ್ನ ನಿರೀಕ್ಷೆ. ಕಡೆಯ ಪಕ್ಷ ಮ್ಯಾನಿಫೋಲ್ಡ್ ಕೆಂಪಾಗುವುದಿಲ್ಲ. ಬೆಲ್ಟ್ ಉದ್ದ ಬೇಕಾಗಬಹುದು. ಮುಂದೆ 98 ಸಿಗುವ ಊರಿಗೆ ಹೋದರೆ ಹಳೆಯ ಪುಲ್ಲಿ, ಹಳೆಯ ಟ್ಯೂನ್ ಎರಡೂ ಅರ್ಧ ದಿನದಲ್ಲಿ ವಾಪಸು. ಕಂಪ್ರೆಷನ್ ಇಳಿಸಲು ಎಂಜಿನ್ ಬಿಚ್ಚುವ ಸಲಹೆ ಯಾರಾದರೂ ಕೊಟ್ಟರೆ ಸದ್ಯಕ್ಕೆ ಕೇಳಬೇಡಿ.

ಪುಲ್ಲಿ ಹಾಕಿದ ಮೇಲೆ ಟೈಮಿಂಗ್. ಇದಕ್ಕೆ ಡೈನೋ (ಗಾಡಿಯನ್ನು ನಿಂತಲ್ಲೇ ಓಡಿಸಿ ತಿರುಗುಬಲ ಅಳೆಯುವ ಯಂತ್ರ) ಇದ್ದರೆ ಒಳ್ಳೆಯದು, ಭಾರವನ್ನು ಒಂದೇ ಕಡೆ ಹಿಡಿದು ನಿಲ್ಲಿಸಬಲ್ಲ ಡೈನೋ ಇನ್ನೂ ಒಳ್ಳೆಯದು. ನಾನು ಟೇಬಲ್ಲಿನ ಬೂಸ್ಟ್ ಸಾಲುಗಳನ್ನು ಬೇಕೆಂದೇ ಕೆಳಗಿನಿಂದ ಶುರು ಮಾಡುತ್ತೇನೆ. ನಿಮ್ಮ ಅನುಪಾತಕ್ಕೆ, 91ಕ್ಕೆ, 2000 ಆರ್‌ಪಿಎಂ ಸುತ್ತ 7–8 ಡಿಗ್ರಿ, 4000ದ ಹೊತ್ತಿಗೆ 11–12, ಅಲ್ಲಿಂದ ಮೇಲೆ ನಿಧಾನವಾಗಿ 15ರ ಕಡೆಗೆ. ಇವು ಆರಂಭದ ಸಂಖ್ಯೆಗಳು, ನಕಲು ಮಾಡುವ ಸಂಖ್ಯೆಗಳಲ್ಲ. ಸಿಲಿಂಡರ್ ಹೆಡ್ಡಿನ ವಿನ್ಯಾಸ ಬದಲಾದರೆ ಎಲ್ಲವೂ ಬದಲು. ಒಂದೊಂದೇ ಡಿಗ್ರಿ ಏರಿಸುತ್ತಾ ತಿರುಗುಬಲ ನೋಡಬೇಕು. ಡಿಗ್ರಿ ಏರಿದರೂ ತಿರುಗುಬಲ ಏರದಿದ್ದರೆ ಅಲ್ಲೇ ನಿಂತು ಒಂದು ಹೆಜ್ಜೆ ಹಿಂದೆ. ನಾಕಿಂಗ್‌ನ ಮೊದಲ ಸುಳಿವು ಬಂದರೆ ಅಲ್ಲಿಂದ ಮೂರು ಹಿಂದೆ. ಟ್ರೇಲರ್ ಎಳೆಯದ ಗಾಡಿಯಾಗಿದ್ದರೆ ಎರಡು ಎನ್ನುತ್ತಿದ್ದೆ.

ಸೆನ್ಸರ್ ಹೇಗೂ ಹಿಡಿಯುತ್ತದೆ ಎಂದು ಗಡಿಯಲ್ಲೇ ಟೇಬಲ್ ಬಿಡುವವರಿದ್ದಾರೆ. ಸೆನ್ಸರ್ ರಿಟಾರ್ಡ್ ಮಾಡುವುದು ನಾಕಿಂಗ್ ಆದ ಮೇಲೆ. ಸ್ವಲ್ಪ ಹೊತ್ತಿಗೆ ಟೈಮಿಂಗನ್ನು ಮೆಲ್ಲಗೆ ವಾಪಸು ತರುತ್ತದೆ, ಮತ್ತೆ ನಾಕಿಂಗ್, ಮತ್ತೆ ರಿಟಾರ್ಡ್. ಉದ್ದನೆಯ ಏರಿನಲ್ಲಿ ಹೀಗೆ ನೂರಾರು ಬಾರಿ ಬಡಿಸಿಕೊಂಡ ಪಿಸ್ಟನ್ನಿನ ಉಂಗುರಗಳ ನಡುವಿನ ಅಂಚು ಒಂದು ದಿನ ಮುರಿಯುತ್ತದೆ. ಹೊಗೆ ಕಂಡರೆ ಕೂಗುವ ಅಲಾರಂ ಇದ್ದ ಮಾತ್ರಕ್ಕೆ ಒಲೆಯನ್ನು ಹುಲ್ಲುಬಣವೆಯ ಪಕ್ಕ ಇಡುತ್ತೇವೆಯೇ?

ಜನರಲ್ ಮೋಟಾರ್ಸ್‌ನ ಅನೇಕ ಟ್ರಕ್ಕುಗಳ ಇಸಿಯುನಲ್ಲಿ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನಲ್ಲಿ) ಹೆಚ್ಚು ಆಕ್ಟೇನಿಗೊಂದು, ಕಡಿಮೆ ಆಕ್ಟೇನಿಗೊಂದು ಎಂದು ಎರಡು ಟೈಮಿಂಗ್ ಟೇಬಲ್ಲುಗಳಿರುತ್ತವೆ. ನಾಕಿಂಗ್ ಕಂಡಂತೆ ಇಸಿಯು ಮೇಲಿನದರಿಂದ ಕೆಳಗಿನದರ ಕಡೆಗೆ ಸರಿಯುತ್ತದೆ. ಕೆಲವು ಟ್ಯೂನರುಗಳು ಕೆಲಸ ಸುಲಭವಾಗಲೆಂದು ಮೇಲಿನ ಟೇಬಲ್ಲನ್ನೇ ಕೆಳಗಿನದರ ಮೇಲೂ ಅಂಟಿಸಿಬಿಡುತ್ತಾರೆ. ಟ್ಯೂನ್ ಮಾಡುವಾಗ ಅದು ಅನುಕೂಲ, ಗಾಡಿ ಹೊರಗೆ ಬಿಡುವಾಗ ಅಪರಾಧ. ನಿಮ್ಮದು ಅಂಥ ಇಸಿಯು ಆಗಿದ್ದರೆ ಕೆಳಗಿನ ಟೇಬಲ್ ಬೂಸ್ಟ್ ಸಾಲುಗಳಲ್ಲಿ ಮೇಲಿನದಕ್ಕಿಂತ 4–5 ಡಿಗ್ರಿ ಕಡಿಮೆ ಇದೆಯೇ ಎಂದು ಕೇಳಿ. ಎಲ್ಲೋ ಒಂದು ಕಡೆ ಕಳಪೆ ಪೆಟ್ರೋಲ್ ತುಂಬಿಸಿಕೊಂಡ ದಿನ ಕಾಯುವುದು ಅದೇ.

ಒಳಗೆ ಬರುವ ಗಾಳಿಯ ತಾಪಮಾನಕ್ಕೆ ಟೈಮಿಂಗ್ ಕಳೆಯುವ ಪ್ರತ್ಯೇಕ ಟೇಬಲ್ ಇರುತ್ತದೆ. ಸೂಪರ್‌ಚಾರ್ಜರ್ ಗಾಡಿಯ ಪ್ರಾಣ ಅದರಲ್ಲಿದೆ. ಕಾರ್ಖಾನೆಯ ಸಂಖ್ಯೆಗಳು ಬೂಸ್ಟ್ ಇಲ್ಲದ ಎಂಜಿನ್ನಿಗೆ ಬರೆದವು. ನಾನು 45 ಡಿಗ್ರಿ ಸೆಲ್ಸಿಯಸ್‌ವರೆಗೆ ಏನೂ ಕಳೆಯುವುದಿಲ್ಲ, ಅಲ್ಲಿಂದ ಪ್ರತಿ 10 ಡಿಗ್ರಿಗೆ ಎರಡು ಡಿಗ್ರಿ ಟೈಮಿಂಗ್ ಕಳೆಯುತ್ತೇನೆ, ಅದೂ ಭಾರದ ಸಾಲುಗಳಲ್ಲಿ ಮಾತ್ರ. ಒಂದು ಎಚ್ಚರ: ಗಾಳಿಯ ಸೆನ್ಸರ್ ಇಂಟರ್‌ಕೂಲರಿನ ಮುಂದೆ, ಏರ್ ಫಿಲ್ಟರಿನ ಹತ್ತಿರವೇ ಉಳಿದಿದ್ದರೆ ಈ ಟೇಬಲ್ ಹೊರಗಿನ ಹವಾಮಾನವನ್ನಷ್ಟೇ ಓದುತ್ತಿರುತ್ತದೆ. ಸೆನ್ಸರನ್ನು ಇಂಟರ್‌ಕೂಲರ್ ದಾಟಿದ ಮೇಲೆ, ಮ್ಯಾನಿಫೋಲ್ಡಿಗೆ ಸರಿಸಬೇಕು. ಬೂಸ್ಟ್ ಬಾರದ ಸಾಲುಗಳಿಗೆ ಹಳೆಯ ಟೈಮಿಂಗಿನಲ್ಲಿ ಬಹುಪಾಲು ವಾಪಸು ಕೊಡಿ, ಅಲ್ಲಿ 91 ಏನೂ ತಕರಾರು ಮಾಡದು.

ಗೇರ್‌ಬಾಕ್ಸನ್ನು ಮರೆಯಬೇಡಿ. ನಾಕಿಂಗ್‌ನ ಮೂಲೆಯಿಂದ ಎಂಜಿನ್ನನ್ನು ಎತ್ತಿ ಆಚೆ ಇಡುವ ಅಗ್ಗದ ಸಾಧನ ಅದು. ಟ್ರೇಲರ್ ಇದ್ದಾಗ 2000ದಲ್ಲಿ ಮೇಲಿನ ಗೇರಿಗೆ ಅಂಟಿಕೊಂಡು ಹತ್ತುವ ಬದಲು ಒಂದು ಗೇರ್ ಇಳಿದು 2800–3000ದಲ್ಲಿ ಹತ್ತಿದರೆ, ಚಕ್ರಕ್ಕೆ ಅಷ್ಟೇ ಬಲ ಕೊಡಲು ಪ್ರತಿ ಸಿಲಿಂಡರಿಗೆ ಕಡಿಮೆ ಮಿಶ್ರಣ ಸಾಕು, ಅದು ತಾನಾಗಿ ಹೊತ್ತಿಕೊಳ್ಳಲು ಸಿಗುವ ಸಮಯವೂ ಕಡಿಮೆ. ಸ್ವಯಂಚಾಲಿತ ಗೇರ್‌ಬಾಕ್ಸ್ ಆದರೆ ಟೋ ಮೋಡಿನ (ಟ್ರೇಲರ್ ಎಳೆಯುವಾಗ ಬಳಸುವ ಸೆಟ್ಟಿಂಗಿನ) ಗೇರ್ ಬದಲಾವಣೆಯ ಬಿಂದುಗಳನ್ನು ಟ್ಯೂನರ್ ತಿದ್ದಲಿ. ವಿದ್ಯುನ್ಮಾನ ಥ್ರಾಟಲ್ ಇದ್ದರೆ 2400 ಆರ್‌ಪಿಎಂ ಒಳಗೆ ಅದು ಪೂರ್ತಿ ತೆರೆಯದಂತೆ ಮಿತಿ ಹಾಕಿಸಬಹುದು. ನಿಮ್ಮ ಬಲಗಾಲಿಗೆ ಸ್ವಲ್ಪ ಮುನಿಸು ಬರುತ್ತದೆ, ಎಂಜಿನ್ನಿಗೆ ಬರುವುದಿಲ್ಲ.

ಉಳಿದ ಚಿಲ್ಲರೆ ಕೆಲಸಗಳು ಒಟ್ಟಿಗೆ: ಸ್ಪಾರ್ಕ್ ಪ್ಲಗ್ ಕಾರ್ಖಾನೆಯದಕ್ಕಿಂತ ಒಂದು ಶ್ರೇಣಿ ತಂಪಿನದು, ಅಂತರ 0.8–0.9 ಮಿಲಿಮೀಟರ್. ಎಂಜಿನ್ನಿನ ಎಣ್ಣೆಯ ಆವಿ ಒಳಗೆ ಹೋಗದಂತೆ ಅದನ್ನು ಹಿಡಿದಿಡುವ ಡಬ್ಬಿ, ಕ್ಯಾಚ್ ಕ್ಯಾನ್, ಹಾಕಿಸಿ. ಎಣ್ಣೆ ಬೆರೆತ ಮಿಶ್ರಣ ಬೇಗ ಹೊತ್ತಿಕೊಳ್ಳುತ್ತದೆ, 91ರಲ್ಲಿ ಅದಕ್ಕೆಲ್ಲ ಜಾಗವಿಲ್ಲ. ಹೆಚ್ಚು ಓಡಿದ ಎಂಜಿನ್ ಆದರೆ ಪಿಸ್ಟನ್ ಮೇಲಿನ ಇಂಗಾಲ ತೆಗೆಸುವುದೂ ಲಾಭವೇ.

ಡಬ್ಬಿಯಲ್ಲಿ ಬರುವ ಆಕ್ಟೇನ್ ಬೂಸ್ಟರ್ ಬಗ್ಗೆ ನೀವು ಕೇಳಿಲ್ಲ, ಆದರೂ ಯಾರೋ ಹೇಳುತ್ತಾರೆ. ‘7 ಪಾಯಿಂಟ್ ಏರಿಕೆ’ ಎಂದು ಬರೆದಿದ್ದರೆ ಆ ಲೆಕ್ಕದಲ್ಲಿ ಒಂದು ಪಾಯಿಂಟ್ ಎಂದರೆ ಸಾಮಾನ್ಯವಾಗಿ ಆಕ್ಟೇನಿನ ಹತ್ತನೇ ಒಂದು ಭಾಗ. 91 ಎಂಬುದು 91.7 ಆಗುತ್ತದೆ, ಅಷ್ಟೆ. ನೀರು ಮತ್ತು ಮೆಥನಾಲ್ ಸಿಂಪಡಿಸುವ ವ್ಯವಸ್ಥೆ ಮಾತ್ರ ನಿಜವಾಗಿ ಕೆಲಸ ಮಾಡುವಂಥದ್ದು. ಒಂದು ಕಿಲೋ ನೀರು ಆವಿಯಾಗಲು 2257 ಕಿಲೋಜೂಲ್ ಶಾಖ ಹೀರುತ್ತದೆ, ಪೆಟ್ರೋಲ್ ಹೀರುವುದರ ಆರು ಪಟ್ಟಿಗೂ ಹೆಚ್ಚು; ಮೆಥನಾಲ್ ಸುಮಾರು ಮೂರು ಪಟ್ಟು, ಜೊತೆಗೆ ಅದರದ್ದೇ ಆಕ್ಟೇನ್ 100ರ ಮೇಲೆ. ನನ್ನ ತಕರಾರು ಅದರ ಗುಣದ ಮೇಲಲ್ಲ, ನಂಬಿಕೆಯ ಮೇಲೆ. ತೊಟ್ಟಿ ಖಾಲಿಯಾದ, ನಳಿಕೆ ಕಟ್ಟಿಕೊಂಡ ಕ್ಷಣ ಎಂಜಿನ್ ಮತ್ತೆ ಬರಿಯ 91ರಲ್ಲಿ ನಿಲ್ಲುತ್ತದೆ. ಅದಿಲ್ಲದೆಯೂ ಬದುಕುವ ಟ್ಯೂನ್ ಮೊದಲು ಮಾಡಿಸಿ, ಆಮೇಲೆ ಬೇಕಿದ್ದರೆ ಅದನ್ನು ತಂಪಿಗೆಂದು ಸೇರಿಸಿ. ಅದರ ಭರವಸೆಯಲ್ಲಿ ಟೈಮಿಂಗ್ ಏರಿಸಬೇಡಿ.

ಎಲ್ಲ ಮುಗಿದ ಮೇಲೆ ಹೊಸ ಪ್ಲಗ್ ಹಾಕಿ, ಟ್ರೇಲರ್ ಕಟ್ಟಿ, ಅದೇ ಏರನ್ನು ಬಿಸಿ ಮಧ್ಯಾಹ್ನದಲ್ಲಿ ಹತ್ತಿ. ಮೇಲೆ ತಲುಪಿದ ಕೂಡಲೇ ಎಂಜಿನ್ ಆರಿಸಿ, ತಣಿದ ಮೇಲೆ ಪ್ಲಗ್‌ಗಳನ್ನು ಬಿಚ್ಚಿ ಅವುಗಳ ಬಿಳಿ ಪಿಂಗಾಣಿಯನ್ನು ಭೂತಗನ್ನಡಿಯಲ್ಲಿ ನೋಡಿ. ಕಾಳುಮೆಣಸಿನ ಪುಡಿ ಚಿಮುಕಿಸಿದಂತೆ ಕಪ್ಪು ಚುಕ್ಕೆಗಳಿದ್ದರೆ ಆ ಸಿಲಿಂಡರಿನಲ್ಲಿ ಇನ್ನೂ ನಾಕಿಂಗ್ ಇದೆ, ಸ್ಕ್ಯಾನರ್ ಏನೇ ಹೇಳಲಿ. ಬೆಳ್ಳಿಯಂತೆ ಹೊಳೆಯುವ ಕಣಗಳಿದ್ದರೆ ಅದು ನಿಮ್ಮ ಪಿಸ್ಟನ್ನಿನ ಅಲ್ಯೂಮಿನಿಯಂ. ಗಾಡಿಯನ್ನು ಅಲ್ಲಿಂದ ಇನ್ನೊಂದು ಗಾಡಿಯ ಮೇಲೆ ತನ್ನಿ.

ಪುಲ್ಲಿ ಬರುವವರೆಗೆ ಟ್ರೇಲರ್ ಎಳೆಯಲೇಬೇಕಾದರೆ ಬೂಸ್ಟ್ ಮೀಟರಿನ ಮುಳ್ಳು ಸೊನ್ನೆ ದಾಟದಂತೆ ಕೆಳಗಿನ ಗೇರಿನಲ್ಲಿ ಹತ್ತಿ. ನಿಧಾನವಾಗುತ್ತದೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಹೊಡೆಯಲಿ ಬಿಡಿ.